ಕಲ್ಲು, ನೆರಳು, ಮನುಷ್ಯ

ಪಶ್ಚಿಮದವರು ಇದಕ್ಕೆ ಫೋಟೋಗ್ರಫಿ, ಎಂದರೆ ಬೆಳಕಿನ ಬರಹ, ಎಂದು ಹೆಸರಿಟ್ಟರು, ನಮ್ಮವರು ಛಾಯಾಚಿತ್ರವೆಂದರು. ಛಾಯೆಗೆ ಬಿಂಬವೆಂಬ ಅರ್ಥವೂ ಉಂಟು, ಬಲ್ಲೆ. ಆದರೂ ನೆರಳಿನ ಚಿತ್ರವೆಂದೇ ಓದಿಕೊಂಡರೆ ಆ ಹೆಸರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಗೆ ಹೇಳಿ ಮಾಡಿಸಿದಂತಿದೆ. ಅಡಕೆ ತೋಟದೊಳಗೆ ನಡುಹಗಲಲ್ಲೂ ಬಿಸಿಲು ಬೀಳುವುದು ಚಿಲ್ಲರೆ ಕಾಸು ಚೆಲ್ಲಿದಷ್ಟೇ.

ಮೊದಮೊದಲ ಕ್ಯಾಮೆರಾಗಳಿಗೆ ಈ ನೆರಳು ಒಗ್ಗುವಂತಿರಲಿಲ್ಲ. ಅವು ಒಲಿದದ್ದು ಬಿಸಿಲಿನಲ್ಲಿ ನಿಂತ ಕಲ್ಲಿಗೆ. ಡಾಗೆರ್ ಮಹಾಶಯನ ಪದ್ಧತಿ ಪ್ಯಾರಿಸಿನಲ್ಲಿ ಬಯಲಾದದ್ದು 1839ರಲ್ಲಿ. ಹದಿನೈದೇ ವರ್ಷಗಳ ತರುವಾಯ, 1854ರ ಡಿಸೆಂಬರಿನಲ್ಲಿ, ಮದರಾಸು ಸೇನೆಯ ಲಿನೇಯಸ್ ಟ್ರೈಪ್ ಎಂಬಾತ ಬೇಲೂರು, ಹಳೇಬೀಡುಗಳಿಗೆ ಬಂದ. ಆತನದು ಬೆಳ್ಳಿಯ ಲವಣ ಹಿಡಿಸಿದ ಕಾಗದದ ನೆಗೆಟಿವ್. ಬಹಳ ಹೊತ್ತು ಬೆಳಕುಂಡಲ್ಲದೆ ಅದರಲ್ಲಿ ಬಿಂಬ ಮೂಡದು; ಅಷ್ಟರಲ್ಲಿ ಅಲುಗಿದವನು ಮಸುಕಾದ, ನಡೆದುಹೋದವನು ಇಲ್ಲವೇ ಆದ. ಏಳುನೂರು ವರ್ಷಕ್ಕೂ ಮೀರಿ ಕದಲದೆ ನಿಂತ ಬೇಲೂರಿನ ಮದನಿಕೆಯರಿಗಿಂತ ಒಳ್ಳೆಯ ರೂಪದರ್ಶಿಗಳು ಬೇಕೆ? 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ಧಾರವಾಡ-ಮೈಸೂರು ವಾಸ್ತುಶಿಲ್ಪದ ಹೆಬ್ಬೊತ್ತಗೆಗೆ ಚಿತ್ರ ಒದಗಿಸಿದವರಲ್ಲಿ ಪಿಗೌ, ನೀಲ್ ವೈದ್ಯರು, ಬಿಗ್ಸ್ ಸೇನಾಧಿಕಾರಿ. ಕಸುಬಿನಿಂದ ಯಾರೂ ಕಲೆಗಾರರಲ್ಲ.

ಹಾಗಾದರೆ ಇದರಲ್ಲಿ ಕಲೆ ಎಲ್ಲಿ? ಸಂದೇಹವಿದ್ದವರು ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಕ್ಯಾಮೆರಾ ಹಿಡಿದು ಹೋಗಬೇಕು. ಹದಿನಾಲ್ಕನೆಯ ಶತಮಾನದ ಆ ಗುಡಿಯಲ್ಲಿ ಹನ್ನೆರಡು ರಾಶಿಸ್ತಂಭಗಳು. ಆಯಾ ಮಾಸದ ಸೂರ್ಯಕಿರಣ ಆಯಾ ರಾಶಿಯ ಕಂಬವನ್ನು ಮುಟ್ಟುತ್ತದೆಂಬ ಪ್ರತೀತಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ. ಹೊರಗಿನದಕ್ಕೆ ಹೊಂದಿಸಿದರೆ ಒಳಗೆಲ್ಲ ಮಸಿ. ಒಳಗಿನದಕ್ಕೆ ಹೊಂದಿಸಿದರೆ ಹೊರಗೆಲ್ಲ ಸುಣ್ಣ. ಯಾವುದನ್ನು ಬಿಡುವುದೆಂದು ಯಂತ್ರ ಹೇಳದು. ಆ ನಿರ್ಧಾರವೇ ಕಲೆಯೆಂದು ನನ್ನ ಎಣಿಕೆ.

ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ, ಚುರುಕಾದ ಫಿಲಂ ಬಂದ ಮೇಲೆ ಅಲುಗುವ ಮನುಷ್ಯನಿಗೂ ಪಾಳಿ ಬಂತು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಬದುಕಿಡೀ ಅಂಥವರ ಬೆನ್ನು ಹತ್ತಿದರು. ಅರಮನೆಯ ಊರಿನವರಾದರೂ ಅವರ ಕಣ್ಣು ನೆಟ್ಟಿದ್ದು ಸಾಮಾನ್ಯ ಜನರ ಮೇಲೆ. ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿದರು. ಮದನಿಕೆಗೆ ಸಿಕ್ಕಿದ ಗೌರವ ಬೀದಿಯ ಹುಡುಗನಿಗೂ ಸಿಕ್ಕಿತು.

ಆದರೆ ನಮ್ಮ ಮಲೆನಾಡಿನ ಮನೆಗಳ ಚಿತ್ರಗಳ ಪಾಡೇನು? ಟ್ರೈಪನ ಚಿತ್ರಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಜೋಪಾನ ಮಾಡಿದೆ. ಇಲ್ಲಿ ಜಗಲಿಯ ಗೋಡೆಯ ಮೇಲೆ ಕಟ್ಟು ಹಾಕಿದ ಹಿರಿಯರನ್ನು ಮಳೆಗಾಲದ ತೇವ ವರ್ಷವರ್ಷವೂ ತಿನ್ನುತ್ತಿದೆ. ನರಸಿಂಹರಾಜಪುರದ ಒಂದು ಮನೆಯಲ್ಲಿ ನಾನು ಕಂಡ ಪಟದಲ್ಲಿ ಐವರು ಕುಳಿತಿದ್ದರು. ನಾಲ್ವರ ಹೆಸರು ಮನೆಯವರಿಗೆ ಗೊತ್ತಿತ್ತು. ಐದನೆಯ ಹೆಂಗಸಿನ ಮುಖದ ಅರ್ಧಕ್ಕೆ ಬೂಷ್ಟು ಹತ್ತಿತ್ತು. ಮೂಗುಬೊಟ್ಟು ಮಾತ್ರ ಚೆನ್ನಾಗಿ ಉಳಿದಿತ್ತು. ಆಕೆಯನ್ನು ಬಲ್ಲ ಅಜ್ಜಿ ಹಿಂದಿನ ವರ್ಷವಷ್ಟೇ ತೀರಿಕೊಂಡರಂತೆ.