ಚೆರ್ನೋಬಿಲ್ (ಧ್ವನಿಮುದ್ರಿಕೆ)

ಚೆರ್ನೋಬಿಲ್ ಎಂಬುದು ಅದೇ ಹೆಸರಿನ ದೂರದರ್ಶನ ಕಿರುಸರಣಿಗಾಗಿ ಐಸ್‌ಲೆಂಡಿನ ಸಂಯೋಜಕಿ ಹಾಗೂ ಚೆಲ್ಲೊ ವಾದಕಿ ಹಿಲ್ಡುರ್ ಗುಡ್ನಾದೊತ್ತಿರ್ ಅವರು ರಚಿಸಿದ ಹಿನ್ನೆಲೆ ಸಂಗೀತದ ಆಲ್ಬಮ್. ಇದನ್ನು ಡಾಯ್ಚ ಗ್ರಾಮೊಫೋನ್ ಸಂಸ್ಥೆಯು 2019ರಲ್ಲಿ ಬಿಡುಗಡೆ ಮಾಡಿತು. ಸ್ಥಗಿತಗೊಂಡ ಪರಮಾಣು ವಿದ್ಯುತ್ ಸ್ಥಾವರವೊಂದರಲ್ಲಿ ಮುದ್ರಿಸಿಕೊಂಡ ಸದ್ದುಗಳು ಮತ್ತು ಮಾನವ ಕಂಠ ಈ ಸಂಗೀತದ ಮುಖ್ಯ ಆಕರಗಳಾಗಿವೆ.

ಹಿನ್ನೆಲೆ

1986ರ ಏಪ್ರಿಲ್ 26ರಂದು, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನಲ್ಲಿ, ಚೆರ್ನೋಬಿಲ್ ಪರಮಾಣು ದುರಂತ ಸಂಭವಿಸಿತು. ಇದನ್ನು ಆಧರಿಸಿದ ಐದು ಕಂತುಗಳ ಕಿರುಸರಣಿಯನ್ನು ಕ್ರೇಗ್ ಮೇಜಿನ್ ಬರೆದರು. ಯೋಹಾನ್ ರೆಂಕ್ ನಿರ್ದೇಶಿಸಿದರು. ಎಚ್‌ಬಿಒ ಮತ್ತು ಸ್ಕೈ ವಾಹಿನಿಗಳು 2019ರಲ್ಲಿ ಇದನ್ನು ಪ್ರಸಾರ ಮಾಡಿದವು. ಚಿತ್ರೀಕರಣದ ಒಂದು ಭಾಗ ಲಿಥುವೇನಿಯದ ಇಗ್ನಾಲಿನಾ ಸ್ಥಾವರದಲ್ಲಿ ನಡೆಯಿತು. ಚೆರ್ನೋಬಿಲ್‌ನಲ್ಲಿದ್ದಂತೆ ಇಲ್ಲಿಯೂ ಆರ್‌ಬಿಎಂಕೆ ಮಾದರಿಯ ರಿಯಾಕ್ಟರ್‌ಗಳಿದ್ದು, 2009ರ ಕೊನೆಯಲ್ಲಿ ವಿದ್ಯುತ್ ಉತ್ಪಾದನೆ ಸಂಪೂರ್ಣವಾಗಿ ನಿಂತಿತು.

ರಚನೆ

ಹಿಲ್ಡುರ್ ಅವರು ಧ್ವನಿಗ್ರಾಹಕ ಕ್ರಿಸ್ ವಾಟ್ಸನ್ ಮತ್ತು ನಿರ್ಮಾಪಕ ಸ್ಯಾಮ್ ಸ್ಲೇಟರ್ ಅವರೊಂದಿಗೆ ರಕ್ಷಣಾ ಉಡುಪು ಧರಿಸಿ ಇಗ್ನಾಲಿನಾ ಸ್ಥಾವರದ ಒಳಗಿನ ಸದ್ದುಗಳನ್ನು ಮುದ್ರಿಸಿಕೊಂಡರು. ಬಾಗಿಲು, ಪಂಪ್ ಕೊಠಡಿ, ಟರ್ಬೈನ್ ಸಭಾಂಗಣ ಮುಂತಾದವುಗಳ ಗುಂಯ್‌ಗುಡುವಿಕೆಯೇ ಶ್ರುತಿ ಮತ್ತು ಲಯಗಳಿಗೆ ಮೂಲವಾಯಿತು. ವಿಶಾಲ ಕೊಠಡಿಗಳು ಶಬ್ದವನ್ನು ಹೇಗೆ ಪ್ರತಿಧ್ವನಿಸುತ್ತವೆ ಎಂಬುದನ್ನೂ ದಾಖಲಿಸಿಕೊಂಡು ಸಂಗೀತಕ್ಕೆ ಅಳವಡಿಸಲಾಯಿತು. ಹಿಲ್ಡುರ್ ಸ್ವತಃ ಹಾಡಿದ್ದಾರೆ. ಆದರೆ ತಮ್ಮ ವಾದ್ಯವಾದ ಚೆಲ್ಲೊವನ್ನು ಇಲ್ಲಿ ಮುಂದಿಟ್ಟಿಲ್ಲ.

ಸರಣಿಯಲ್ಲಿ ಮತ್ತು ಆಲ್ಬಮ್‌ನಲ್ಲಿ

ವಿಕಿರಣವು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಆದ್ದರಿಂದ ಅದರ ಇರುವಿಕೆಯನ್ನು ಸೂಚಿಸುವ ಹೊಣೆ ಸರಣಿಯಲ್ಲಿ ಬಹುಮಟ್ಟಿಗೆ ಶಬ್ದದ ಮೇಲೆ ಬೀಳುತ್ತದೆ. ಕೇಳಿಬರುತ್ತಿರುವುದು ಯಂತ್ರದ ಸದ್ದೋ ಸಂಗೀತವೋ ಎಂದು ಪ್ರೇಕ್ಷಕರು ಅನೇಕ ದೃಶ್ಯಗಳಲ್ಲಿ ಬೇರ್ಪಡಿಸಲಾರರು. ಈ ಅನಿಶ್ಚಿತತೆಯೇ ಭೀತಿಯನ್ನು ಹೆಚ್ಚಿಸುತ್ತದೆ.

ದೃಶ್ಯಗಳಿಲ್ಲದೆ ಆಲಿಸಿದಾಗ ಸ್ಥಿತಿ ಬದಲಾಗುತ್ತದೆ. ಸಂಭಾಷಣೆ, ಸೈರನ್ ಮತ್ತು ವಿಕಿರಣ ಮಾಪಕದ ಟಕಟಕ ಸದ್ದು ಮರೆಯಾಗಿ, ಅವುಗಳ ಅಡಿಯಲ್ಲಿದ್ದ ದೀರ್ಘ ಸ್ವರಗಳು ಮತ್ತು ನಿಧಾನವಾದ ಬದಲಾವಣೆಗಳು ಸ್ಪಷ್ಟವಾಗುತ್ತವೆ. ಗದ್ದಲವೆಂದು ತೋರಿದ್ದರಲ್ಲಿ ರಚನಾಕ್ರಮ ಗೋಚರಿಸುತ್ತದೆ. ಆದರೆ ಹಾಡಿಕೊಳ್ಳಬಹುದಾದ ರಾಗಗಳು ಇಲ್ಲಿ ವಿರಳವಾದ ಕಾರಣ, ಶೀರ್ಷಿಕೆ ಗೀತೆಗಳಂತೆ ಇದು ನೆನಪಿನಲ್ಲಿ ಸುಲಭವಾಗಿ ಉಳಿಯುವುದಿಲ್ಲ. ‘ದಿ ಡೋರ್’, ‘ಪಂಪ್ ರೂಮ್’, ‘ಟರ್ಬೈನ್ ಹಾಲ್’ ಮುಂತಾದ ಶೀರ್ಷಿಕೆಗಳು ಕೇಳುಗರಿಗೆ ಪಾತ್ರಗಳನ್ನಲ್ಲ, ಸ್ಥಳಗಳನ್ನು ನೆನಪಿಸುತ್ತವೆ. ಹೀಗಾಗಿ ಆಲ್ಬಮ್ ಕಥೆಯ ಸಾರಾಂಶವಾಗದೆ ಒಂದು ಕಟ್ಟಡದ ಶಬ್ದಚಿತ್ರವಾಗುತ್ತದೆ.

ಇದಕ್ಕೆ ಹೊರತಾದುದು ‘ವಿಚ್ನಾಯಾ ಪಾಮ್ಯಾತ್’. ‘ಶಾಶ್ವತ ಸ್ಮರಣೆ’ ಎಂಬ ಅರ್ಥವುಳ್ಳ, ಪೂರ್ವದ ಆರ್ಥೊಡಾಕ್ಸ್ ಚರ್ಚಿನ ಅಂತ್ಯಸಂಸ್ಕಾರದಲ್ಲಿ ಹಾಡುವ ಈ ಪ್ರಾರ್ಥನೆಯನ್ನು ಉಕ್ರೇನಿನ ಲ್ವಿವ್ ನಗರದ ಹೋಮಿನ್ ಗಾಯಕವೃಂದ ಹಾಡಿದೆ. ಸರಣಿಯ ಕೊನೆಯಲ್ಲಿ, ದುರಂತಕ್ಕೆ ಸಂಬಂಧಿಸಿದ ನೈಜ ದೃಶ್ಯಗಳೊಂದಿಗೆ ಇದು ಕೇಳಿಬರುತ್ತದೆ. ಸದ್ದುಗಳಿಂದಲೇ ಕಟ್ಟಿದ ಆಲ್ಬಮ್‌ನಲ್ಲಿ ಮಡಿದವರನ್ನು ನೇರವಾಗಿ ಸ್ಮರಿಸುವ ಮಾನವ ಕಂಠ ಇದು.

ಪ್ರಶಸ್ತಿಗಳು

ಈ ಸಂಗೀತಕ್ಕಾಗಿ ಹಿಲ್ಡುರ್ ಅವರಿಗೆ 2019ರಲ್ಲಿ ಎಮ್ಮಿ ಪ್ರಶಸ್ತಿಯೂ, 2020ರಲ್ಲಿ ದೃಶ್ಯ ಮಾಧ್ಯಮದ ಅತ್ಯುತ್ತಮ ಹಿನ್ನೆಲೆ ಸಂಗೀತ ವಿಭಾಗದ ಗ್ರ್ಯಾಮಿ ಪ್ರಶಸ್ತಿಯೂ ದೊರೆತವು. 2020ರಲ್ಲಿಯೇ ಅವರು ‘ಜೋಕರ್’ ಚಲನಚಿತ್ರದ ಸಂಗೀತಕ್ಕಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದರು.