ದಂಡಿನ ಒಲೆ, ಗುಡ್ಡದ ಚಹಾ

ರೋಣದ ಎರಿ ಹೊಲದಲ್ಲಿ ಒಲೆ ಹೂಡಲು ಮೂರು ಕಲ್ಲು ಸಿಗೋದೇ ಕಷ್ಟ. ಗಜೇಂದ್ರಗಡದ ಗುಡ್ಡದಲ್ಲಿ ಕಲ್ಲಿಗೆ ಬರವಿಲ್ಲ, ಗಾಳಿಯದೇ ಕಾಟ. ಗಾಳಿಯಂತ್ರಗಳನ್ನು ಅಲ್ಲಿ ಸುಮ್ಮನೆ ನೆಟ್ಟಿಲ್ಲ ಬಿಡಿ!

ಈ ಸೀಮೆ ದಂಡುಗಳನ್ನು ಕಂಡದ್ದು ಕಡಿಮೆಯೇನಲ್ಲ. ಮರಾಠರು-ಟಿಪ್ಪು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. 1858ರಲ್ಲಿ ನರಗುಂದದ ಬಾಬಾಸಾಹೇಬರ ಮೇಲೆ ಬ್ರಿಟಿಷರ ದಂಡು ಬಂತು. ಆಗೆಲ್ಲ ನೀರು ಕಾಯಿಸಲು ಕಟ್ಟಿಗೆ, ಕುಳ್ಳೇ ಗತಿ. ಪ್ರೈಮಸ್ ಸ್ಟೋವ್ ಹುಟ್ಟಿದ್ದೇ 1892ರಲ್ಲಿ.

ಸಿಪಾಯಿಯ ಕಿಸೆಗೆ ಒಲೆ ಬಂದದ್ದು ಇನ್ನೂ ತಡವಾಗಿ. 1936ರಲ್ಲಿ ಜರ್ಮನಿಯ ಎರಿಕ್ ಶುಮ್ 'ಎಸ್ಬಿಟ್' ಎಂಬ ಉರುವಲು ಗುಳಿಗೆ ತಂದ. ಒಳಗಿರೋದು ಹೆಕ್ಸಮಿನ್. ಸ್ವೀಡನ್ ಸೇನೆಯ ಎಂ-40 ಅಡುಗೆ ಸೆಟ್ಟಿನಲ್ಲಿ ಹಿತ್ತಾಳೆಯ ಸ್ಪಿರಿಟ್ ಬರ್ನರ್, ಸುತ್ತಲೂ ಗಾಳಿ ತಡೆಯುವ ಲೋಹದ ಗೂಡು. ಸೇನೆಗೆ ಹಳತಾದದ್ದು ಚಾರಣಿಗರ ಚೀಲ ಸೇರಿತು. ನನ್ನ ಕೇಳಿದರೆ ನಮ್ಮ ಗುಡ್ಡಕ್ಕೆ ಗುಳಿಗೆಗಿಂತ ಈ ಗೂಡೇ ಲೇಸು.

ಒಂದು ಮಾತು. ಸ್ಪಿರಿಟ್ಟಿನ ಜ್ವಾಲೆ ಬಿಸಿಲಲ್ಲಿ ಕಣ್ಣಿಗೆ ಕಾಣೋದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದಿರೋ, ಬೆಂಕಿ ಬಾಟಲಿಗೇ ಹತ್ತುತ್ತದೆ. ಬೇಸಿಗೆಯ ಒಣಹುಲ್ಲಿಗೆ ಅಷ್ಟೇ ಸಾಕು. ಗುಳಿಗೆಯ ಹೊಗೆಯೂ ವಿಷವೇ, ಡೇರೆಯೊಳಗೆ ಹಚ್ಚಬೇಡಿ.