ಹತ್ತರಿಂದ ಭಾಗಿಸುವ ಕಷ್ಟ: ಪುಟ್ಟ ಚಿಪ್‌ಗಳು ಅಂಕಿ ಬರೆಯಲು ಕಲಿತ ಬಗೆ

1971ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್, 46 ಆದೇಶ. ಅಷ್ಟು ಬಡತನದಲ್ಲೂ ದಶಮಾನ ಲೆಕ್ಕಕ್ಕೆಂದೇ ಆದೇಶಗಳನ್ನು ಮೀಸಲಿಟ್ಟಿದ್ದರು: ಕೂಡಿದ ಮೇಲೆ ಉತ್ತರ ತಿದ್ದಲು ‘ಡಿಎಎ’, ಕಳೆಯುವ ಕೆಲಸಕ್ಕೆ ‘ಟಿಸಿಎಸ್’. ಚಿಪ್ ಮಾಡಿಸಿಕೊಂಡ ಜಪಾನಿನ ಬಿಸಿಕಾಂ ಮಾರುತ್ತಿದ್ದುದು ಕ್ಯಾಲ್ಕುಲೇಟರ್. ಅದರಲ್ಲಿ ಒಂದೊಂದು ಅಂಕಿಗೂ ನಾಲ್ಕು ಬಿಟ್‌ಗಳ ಸ್ವಂತ ಮನೆ. ಒಳಗಿನ ಲೆಕ್ಕವೇ ದಶಮಾನದಲ್ಲಿ ನಡೆದರೆ ತೋರಿಸುವಾಗ ದ್ವಿಮಾನದಿಂದ ದಶಮಾನಕ್ಕೆ ಪರಿವರ್ತಿಸುವ ಪ್ರಶ್ನೆಯೇ ಏಳುವುದಿಲ್ಲ.

ಈ ಸೌಕರ್ಯ ಕೆಲಕಾಲ ಉಳಿಯಿತು. 1974ರ ಇಂಟೆಲ್ 8080ರಲ್ಲಿ ಡಿಎಎ ಕೂಡುವಿಕೆಗೆ ಮಾತ್ರ ಒದಗುತ್ತಿತ್ತು. 1976ರ ಝಡ್80 ಅದನ್ನು ಕಳೆಯುವಿಕೆಗೂ ಹಿಗ್ಗಿಸಿತು. 6502 ಚಿಪ್‌ಗಂತೂ ಪ್ರತ್ಯೇಕ ದಶಮಾನ ಸ್ಥಿತಿಯೇ ಇತ್ತು. ಆದರೆ ಅದೇ ಕುಲದ ಚಿಪ್ 1983ರಲ್ಲಿ ನಿಂಟೆಂಡೊ ಆಟದ ಯಂತ್ರಕ್ಕೆ ಬಂದಾಗ ದಶಮಾನದ ಆ ಭಾಗ ಕೆಲಸ ಮಾಡುತ್ತಿರಲಿಲ್ಲ. ‘ಸೂಪರ್ ಮಾರಿಯೊ ಬ್ರದರ್ಸ್’ ಬರೆದವರು ಇದಕ್ಕೆ ತಲೆಕೆಡಿಸಿಕೊಳ್ಳದೆ ಅಂಕದ ಒಂದೊಂದು ಅಂಕಿಯನ್ನೂ ಒಂದೊಂದು ಬೈಟ್‌ನಲ್ಲಿಟ್ಟರು. ಜಾಗ ವ್ಯರ್ಥ, ನಿಜ. ಸಮಯ ಮಾತ್ರ ಉಳಿಯಿತು.

1980ರ 8051 ಈ ಕಥೆಯ ಉದಾರ ಘಟ್ಟ. ಡಿಎಎ ಜೊತೆಗೆ ಭಾಗಾಕಾರದ ಆದೇಶವೂ ಅದರಲ್ಲಿತ್ತು. ರಿಜಿಸ್ಟರ್‌ನಲ್ಲಿ 237 ಇದೆ ಎನ್ನಿ. ನೂರರಿಂದ ಭಾಗಿಸಿದರೆ 2, ಶೇಷ 37. ಅದನ್ನು ಹತ್ತರಿಂದ ಭಾಗಿಸಿದರೆ 3, ಶೇಷ 7. ಆಸ್ಕಿಯಲ್ಲಿ ಸೊನ್ನೆಯ ಸಂಕೇತ 48 ಆದ್ದರಿಂದ ಮೂರೂ ಅಂಕಿಗಳಿಗೆ 48 ಕೂಡಿಸಿದರೆ ಓದಬಲ್ಲ ಅಕ್ಷರಗಳು ಸಿದ್ಧ. 12 ಮೆಗಾಹರ್ಟ್ಸ್ ವೇಗದಲ್ಲಿ ಒಂದು ಭಾಗಾಕಾರಕ್ಕೆ 4 ಮೈಕ್ರೋಸೆಕೆಂಡ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪ್ರಯೋಗಾಲಯಗಳಲ್ಲಿ ಮೈಕ್ರೋಕಂಟ್ರೋಲರ್ ಕಲಿತ ಕರ್ನಾಟಕದ ಎಂಜಿನಿಯರುಗಳಲ್ಲಿ ಅನೇಕರು ಹೆಕ್ಸ್–ದಶಮಾನ, ದಶಮಾನ–ಆಸ್ಕಿ ಪರಿವರ್ತನೆಯನ್ನು ಇದೇ 8051 ಮೇಲೆ ಮಾಡಿ ರೆಕಾರ್ಡ್ ಬರೆದವರು.

ಅಗ್ಗದ ಚಿಪ್‌ಗಳು ಇಷ್ಟು ಧಾರಾಳವಾಗಿರಲಿಲ್ಲ. 35 ಆದೇಶಗಳ ಪಿಕ್16ಎಫ್84ಗೆ ಗುಣಾಕಾರವೂ ಬಾರದು, ಭಾಗಾಕಾರವೂ ಬಾರದು. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ ಮೊಳೆತ ಎವಿಆರ್‌ನಲ್ಲೂ ಭಾಗಾಕಾರವಿಲ್ಲ. ಎರಡರಲ್ಲೂ ಕೆಳಗಿನ ನಾಲ್ಕು ಬಿಟ್‌ಗಳಿಂದ ದಶಕ ಮೇಲೆ ಹೋಯಿತೆಂದು ಹೇಳುವ ಗುರುತೊಂದು ಉಳಿದಿದೆ. ಅದನ್ನು ಬಳಸುತ್ತಿದ್ದ ಡಿಎಎ ಇಲ್ಲ. ಯಜಮಾನ ಊರು ಬಿಟ್ಟ ಮೇಲೂ ಬಾಗಿಲಲ್ಲಿ ತೂಗುವ ಹೆಸರಿನ ಹಲಗೆಯ ಹಾಗೆ.

ಭಾರ ಈಗ ಪ್ರೋಗ್ರಾಂ ಬರೆಯುವವರ ಹೆಗಲಿಗೆ ಬಿತ್ತು. ಹತ್ತು ಸಾವಿರ, ಸಾವಿರ, ನೂರು, ಹತ್ತು ಎಂದು ಕಳೆಯುತ್ತಾ ಎಣಿಸುವುದು ನೇರ ದಾರಿ. 59999ಕ್ಕೆ 32 ಸಲ ಕಳೆಯಬೇಕು. ಇನ್ನೊಂದು ದಾರಿಗೆ ‘ಡಬಲ್ ಡ್ಯಾಬಲ್’ ಎಂದು ಹೆಸರು. ಬಿಟ್‌ಗಳನ್ನು ಎಡದಿಂದ ಒಂದೊಂದಾಗಿ ಒಳಕ್ಕೆ ತಳ್ಳುವುದು. ತಳ್ಳುವ ಮುನ್ನ ಯಾವುದೇ ಅಂಕಿ 5 ಅಥವಾ ಹೆಚ್ಚಿದ್ದರೆ 3 ಕೂಡಿಸುವುದು. 1101 ತೆಗೆದುಕೊಳ್ಳಿ. ಮೊದಲ ಮೂರು ಬಿಟ್ ಸೇರಿದಾಗ 1, 3, 6. ಆರು ಐದನ್ನು ಮೀರಿತು. 3 ಕೂಡಿಸಿದರೆ 1001. ಕೊನೆಯ ಬಿಟ್ ತಳ್ಳಿದರೆ 1 0011, ಅಂದರೆ 13. ನಾಲ್ಕು ಬಿಟ್‌ಗಳ ಮನೆ ಹದಿನಾರಕ್ಕೆ ಉಕ್ಕುತ್ತದೆ, ನಮಗೆ ಹತ್ತಕ್ಕೇ ಉಕ್ಕಬೇಕು. ನಡುವಿನ ಅಂತರ 6. ದ್ವಿಗುಣವಾಗುವ ಮೊದಲೇ ಕೂಡಿಸುವುದರಿಂದ 3 ಸಾಕು. ಇಡೀ ವಿದ್ಯೆಯಲ್ಲಿ ಭಾಗಾಕಾರದ ಸುಳಿವೇ ಇಲ್ಲ. ಇದಕ್ಕಿಂತ ಚೆಂದದ ಉಪಾಯ ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ.

ಗುಣಾಕಾರ ಬಲ್ಲ ಚಿಪ್‌ಗೆ ಬೇರೆ ಹಾದಿಯುಂಟು: 205ರಿಂದ ಗುಣಿಸಿ 11 ಬಿಟ್ ಬಲಕ್ಕೆ ಸರಿಸಿದರೆ 0ಯಿಂದ 255ರವರೆಗೆ ಹತ್ತನೇ ಒಂದು ಭಾಗ ತಪ್ಪಿಲ್ಲದೆ ಸಿಗುತ್ತದೆ. 205ನ್ನು 2048ರಿಂದ ಭಾಗಿಸಿದರೆ ಹತ್ತನೇ ಒಂದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಸ್ಥಿರ ಭಾಜಕಗಳಿಗೆಲ್ಲ ಇಂಥ ಗುಣಕ ಹುಡುಕುವ ಬಗೆಯನ್ನು ಗ್ರಾನ್‌ಲುಂಡ್ ಮತ್ತು ಮಾಂಟ್‌ಗಮರಿ 1994ರ ಪ್ರಬಂಧದಲ್ಲಿ ನಿರೂಪಿಸಿದರು. ಇಂದು ಕಂಪೈಲರ್‌ಗಳು ಇದನ್ನು ತಾವಾಗಿಯೇ ಮಾಡುತ್ತವೆ.

ಬಳಸುವವರಿಗೆ ಇದೊಂದೂ ಕಾಣದು, ಎಡವಿದಾಗಲಷ್ಟೇ ಕಂಡೀತು. ಎವಿಆರ್‌ನ ಸಿ ಲೈಬ್ರರಿಯಲ್ಲಿ ಪ್ರಿಂಟ್‌ಎಫ್‌ಗೆ ದಶಮಾಂಶ ಸಂಖ್ಯೆ ಕೊಟ್ಟರೆ ಮೂಲ ರೂಪದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಜಾಗ ಉಳಿಸಲೆಂದು ಆ ಭಾಗವನ್ನು ಬೇರೆಯಾಗಿ ಇಟ್ಟಿದ್ದಾರೆ. ಬೇಕಾದವರು ಕೇಳಿ ಸೇರಿಸಿಕೊಳ್ಳಬೇಕು.

ಕನ್ನಡ ಅಂಕಿ ಬೇಕೆಂದರೂ ಲೆಕ್ಕ ಬದಲಾಗದು. ಯುಟಿಎಫ್-8ರಲ್ಲಿ ಪ್ರತಿ ಅಂಕಿಗೆ ಮೂರು ಬೈಟ್: 224, 179 ಎಂಬ ಮೊದಲೆರಡು ಸ್ಥಿರ, ಮೂರನೆಯದಕ್ಕೆ 48ರ ಬದಲು 166 ಕೂಡಿಸಿದರಾಯಿತು. ತೊಡಕಿರುವುದು ಪರದೆಯಲ್ಲಿ. ಹಿಟಾಚಿಯ ಎಚ್‌ಡಿ44780 ಮಾದರಿಯ ಎಲ್‌ಸಿಡಿಯಲ್ಲಿ ನಾವೇ ಬಿಡಿಸಿದ ಅಕ್ಷರಗಳಿಗೆ ಎಂಟೇ ಜಾಗ. ಸೊನ್ನೆಗೆ ಇಂಗ್ಲಿಷಿನ ‘ಓ’ ಎರವಲು ಪಡೆದರೂ ಒಂಬತ್ತು ಅಂಕಿ ಉಳಿಯುತ್ತವೆ. ಆ ಹೊತ್ತಿಗೆ ಪರದೆಗೆ ಬೇಕಾದವನ್ನಷ್ಟೇ ತುಂಬಿ, ಸಂಖ್ಯೆ ಬದಲಾದಂತೆ ಬದಲಿಸುತ್ತಿರಬೇಕು.